ಹಿಮ ಬಿದ್ದ ರನ್‌ವೇಯಲ್ಲಿ ಸೆಸ್ನಾ 172 ಇಳಿಸುವುದು: ಅಡ್ಡಗಾಳಿ ಮತ್ತು ಫ್ಲ್ಯಾಪ್ ಕುರಿತು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜಕ್ಕೂರಿನಲ್ಲಿ ಹಾರಾಟ ಕಲಿತ ನಾನು ಈಗ ಅಮೆರಿಕದ ಮಿನ್ನೆಸೋಟದಲ್ಲಿದ್ದು, ಸೆಸ್ನಾ 172ಎಸ್ ಎಂಬ ಒಂದೇ ಎಂಜಿನ್‌ನ ಚಿಕ್ಕ ವಿಮಾನವನ್ನು ಬಾಡಿಗೆಗೆ ಪಡೆದು ಹಾರಿಸುತ್ತೇನೆ. ಇಲ್ಲಿ ಇದು ನನ್ನ ಮೊದಲ ಚಳಿಗಾಲ. ನೆಲ ಎಷ್ಟು ಜಾರುತ್ತದೆಂದು ತಿಳಿಸುವ ವರದಿಯಲ್ಲಿ ರನ್‌ವೇಯ ಮೂರು ಭಾಗಗಳಿಗೂ 3 ಎಂಬ ಸಂಕೇತ ನೀಡಿದ್ದು, ಅಡ್ಡಗಾಳಿ (ಪಕ್ಕದಿಂದ ಬೀಸುವ ಗಾಳಿ) 12 ನಾಟ್ ಇದ್ದರೆ ಇಳಿಯಬಹುದೇ? ಕೈಪಿಡಿಯಲ್ಲಿ ಅಡ್ಡಗಾಳಿಗೆ 15 ನಾಟ್, ನೆಲದ ಓಟಕ್ಕೆ (ಚಕ್ರ ನೆಲ ಮುಟ್ಟಿದ ಮೇಲೆ ನಿಲ್ಲುವವರೆಗಿನ ದೂರ) 575 ಅಡಿ ಎಂದಿದೆ. ಇಳಿಯುವ ಹಾದಿಯಲ್ಲಿ ರೆಕ್ಕೆಗೆ ಮಂಜು (ಮಂಜುಗಡ್ಡೆಯ ಪದರ) ಕಟ್ಟಿದರೆ, ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಸುವ ಫಲಕಗಳಾದ ಫ್ಲ್ಯಾಪ್ ಪೂರ್ತಿ ಇಳಿಸಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಾನಾಗಿದ್ದರೆ ಇಳಿಯುವುದಿಲ್ಲ. 575 ಅಡಿ ಎಂಬುದು ಸಮುದ್ರಮಟ್ಟದ ಒಣ, ಸಮತಲ ರನ್‌ವೇಯಲ್ಲಿ ಬ್ರೇಕನ್ನು ಪೂರ್ತಿ ಬಳಸಿದಾಗಿನ ಲೆಕ್ಕ. ಒಣ ಹುಲ್ಲಾದರೆ ಅದಕ್ಕೆ ಶೇ 45 ಸೇರಿಸಬೇಕೆನ್ನುವ ಕೈಪಿಡಿಯಲ್ಲಿ ಹಿಮಕ್ಕೆ ಅಂಥ ಲೆಕ್ಕವಿಲ್ಲ. 15 ನಾಟ್ ಪರೀಕ್ಷಾ ಹಾರಾಟದಲ್ಲಿ ತೋರಿಸಿಕೊಟ್ಟ ಗಾಳಿಯೇ ಹೊರತು ಜಾರುವ ನೆಲಕ್ಕೆ ಕೊಟ್ಟ ಭರವಸೆಯಲ್ಲ. ಚಕ್ರ ನೆಲ ಮುಟ್ಟುವ ಕ್ಷಣಕ್ಕಿಂತ ಆಮೇಲಿನ ಓಟವೇ ಹೆಚ್ಚು ಅಪಾಯಕಾರಿ: ವೇಗ ಇಳಿದಂತೆ ರಡರ್ (ಮೂಗನ್ನು ಎಡಕ್ಕೆ, ಬಲಕ್ಕೆ ತಿರುಗಿಸುವ ಬಾಲದ ಫಲಕ) ತನ್ನ ಬಲ ಕಳೆದುಕೊಳ್ಳುತ್ತದೆ, ಆಗ ದಿಕ್ಕು ಕಾಯಬೇಕಾದ ಮೂಗಿನ ಚಕ್ರಕ್ಕೆ ಹಿಮದ ಮೇಲೆ ಹಿಡಿತ ಸಿಗುವುದಿಲ್ಲ, ಮೂಗು ಗಾಳಿಯತ್ತ ತಿರುಗಿದರೂ ವಿಮಾನ ಗಾಳಿ ತಳ್ಳಿದ ಕಡೆಗೆ, ಅಂಚಿನಲ್ಲಿ ರಾಶಿ ಹಾಕಿದ ಹಿಮದತ್ತ ಜಾರುತ್ತದೆ.

ವರದಿಯ ಸಮಯವನ್ನೂ ನೋಡಿ. ಇಲ್ಲಿ 2016ರ ಅಕ್ಟೋಬರ್‌ನಿಂದ ಬಳಕೆಯಲ್ಲಿರುವ 0ಯಿಂದ 6ರವರೆಗಿನ ಸಂಕೇತಗಳಲ್ಲಿ (ಅಂಕಿ ಕಡಿಮೆಯಾದಷ್ಟೂ ಜಾರುವಿಕೆ ಹೆಚ್ಚು), ಒತ್ತಿ ಗಟ್ಟಿಯಾದ ಹಿಮಕ್ಕೆ –15 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಚಳಿಯಿದ್ದರೆ 4, ಚಳಿ ಅಷ್ಟಿಲ್ಲದಿದ್ದರೆ 3, ಮಂಜುಗಡ್ಡೆಗೆ 1, ಅದರ ಮೇಲೆ ನೀರಿದ್ದರೆ 0. ಮಧ್ಯಾಹ್ನದ ಬಿಸಿಲಿಗೆ ಕರಗಿದ್ದು ಸಂಜೆ ಹೆಪ್ಪುಗಟ್ಟಿದರೆ ಬೆಳಗಿನ 3 ಸಂಜೆಗೆ 1 ಆಗಿರಬಹುದು.

ಎರಡನೆಯ ಉತ್ತರ

ಫ್ಲ್ಯಾಪ್ ಬಗ್ಗೆ ಹೇಳುತ್ತೇನೆ. ಮಂಜು ಕಟ್ಟುವ ವಾತಾವರಣಕ್ಕೆ ಗೊತ್ತಿದ್ದೂ ಈ ವಿಮಾನವನ್ನು ಒಯ್ಯಲು ಅನುಮತಿಯಿಲ್ಲ. ಅಕಸ್ಮಾತ್ ಸಿಕ್ಕಿಬಿದ್ದರೆ ಫ್ಲ್ಯಾಪ್ ಇಳಿಸದೆ, ಹೆಚ್ಚಿನ ವೇಗದಲ್ಲಿ ಬನ್ನಿ. ಬಾಲದ ಅಡ್ಡ ರೆಕ್ಕೆಯ ಮುಂದಿನ ಅಂಚು ಮುಖ್ಯ ರೆಕ್ಕೆಯದಕ್ಕಿಂತ ತೆಳುವಾದ್ದರಿಂದ ಅಲ್ಲಿ ಮಂಜು ಬೇಗ ಕಟ್ಟುತ್ತದೆ, ನಿಮಗದು ಕಾಣುವುದೂ ಇಲ್ಲ. ಫ್ಲ್ಯಾಪ್ ಇಳಿಸಿದೊಡನೆ ಬಾಲದ ಮೇಲಿನ ಹೊರೆ ಹೆಚ್ಚಿ ಅದು ಸ್ಟಾಲ್ ಆದರೆ (ಗಾಳಿಯ ಹರಿವು ಬಿಟ್ಟುಹೋಗಿ ಬಲ ಕಳೆದುಕೊಂಡರೆ) ಮೂಗು ಒಮ್ಮೆಲೇ ಕೆಳಗೆ ಬೀಳುತ್ತದೆ. ಹಾಗಾದರೆ ತಕ್ಷಣ ಫ್ಲ್ಯಾಪ್ ಹಿಂತೆಗೆದುಕೊಂಡು ಯೋಕನ್ನು (ಪೈಲಟ್ ಕೈಯಲ್ಲಿನ ನಿಯಂತ್ರಣ ಹಿಡಿಯನ್ನು) ನಿಮ್ಮತ್ತ ಎಳೆಯಬೇಕು. ರೆಕ್ಕೆಯ ಸ್ಟಾಲ್‌ಗೆ ಕಲಿತದ್ದಕ್ಕೆ ಇದು ತದ್ವಿರುದ್ಧ.

ನಿಮ್ಮ ಎರಡು ಪ್ರಶ್ನೆಗಳು ಕೂಡುವುದು ಇಲ್ಲಿಯೇ. ಮಂಜು ಕಟ್ಟಿದ ವಿಮಾನ ವೇಗವಾಗಿ ಇಳಿಯಬೇಕು, ಜಾರುವ ರನ್‌ವೇಯಲ್ಲಿ ನಿಧಾನವಾಗಿ ಇಳಿಯಬೇಕು. ಎರಡನ್ನೂ ಒಂದೇ ಬಾರಿಗೆ ಪಾಲಿಸಲಾಗದು. ಆದ್ದರಿಂದ ಹತ್ತಿರದ ಚಿಕ್ಕ ನಿಲ್ದಾಣವನ್ನು ಬಿಟ್ಟು, ಮೋಡದಿಂದ ಹೊರಗಿರುವ ದಾರಿಯಲ್ಲಿ, ಗಾಳಿಗೆ ಎದುರಾಗಿ ಹಿಮ ತೆಗೆದ ಉದ್ದನೆಯ ರನ್‌ವೇ ಇರುವಲ್ಲಿಗೆ ಹೋಗಿ. ಅದಕ್ಕೆ ಬೇಕಾದ ಇಂಧನ ಹೊರಡುವಾಗಲೇ ಟ್ಯಾಂಕಿನಲ್ಲಿರಬೇಕು.

ಮೂರನೆಯ ಉತ್ತರ

ಮೇಲಿನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಬಯಲೆಲ್ಲ ಬೆಳ್ಳಗಿರುವಾಗ ನೀವು ಇರುವುದಕ್ಕಿಂತ ಎತ್ತರದಲ್ಲಿದ್ದಂತೆ ಕಣ್ಣಿಗೆ ಭಾಸವಾಗುತ್ತದೆ. ಎತ್ತರ ತೋರಿಸುವ ಆಲ್ಟಿಮೀಟರ್ ಕೂಡ ಚಳಿಯಲ್ಲಿ ಅದೇ ದಿಕ್ಕಿಗೆ ತಪ್ಪುತ್ತದೆ: ನಿಲ್ದಾಣದಲ್ಲಿ –30 ಡಿಗ್ರಿ ಇದ್ದು, ಅದರಿಂದ 1000 ಅಡಿ ಮೇಲಿರುವಂತೆ ಅದು ತೋರಿಸಿದರೆ, ನೀವು ನಿಜಕ್ಕೂ ಅದಕ್ಕಿಂತ ಸುಮಾರು 190 ಅಡಿ ಕೆಳಗಿರುತ್ತೀರಿ. ಇಳಿಯುವ ಕೋನ ಸರಿಯಿದೆಯೇ ಎಂದು ತೋರಿಸುವ, ರನ್‌ವೇ ಪಕ್ಕದ ಮಾರ್ಗದರ್ಶಿ ದೀಪಗಳಿದ್ದರೆ ಅವುಗಳನ್ನೇ ಅನುಸರಿಸಿ. ಹೊರಡುವಾಗ ಕೆಸರಿನಂಥ ಹಿಮದಲ್ಲಿ ಟ್ಯಾಕ್ಸಿ ಮಾಡಿದರೆ (ವಿಮಾನವನ್ನು ನೆಲದ ಮೇಲೆ ಓಡಿಸಿದರೆ) ಚಕ್ರದ ಕವಚದೊಳಗೆ ಅದು ಹೆಪ್ಪುಗಟ್ಟಿ, ಇಳಿಯುವಾಗ ಚಕ್ರ ತಿರುಗದೇ ಹೋಗಬಹುದು. ಚಳಿಗಾಲ ಮುಗಿಯುವವರೆಗೆ ಕವಚಗಳನ್ನು ತೆಗೆದಿಡುವಂತೆ ವಿಮಾನದ ಮಾಲೀಕರನ್ನು ಕೇಳಿಕೊಳ್ಳಿ.