ಡೇಟಾಬೇಸ್ ಹಾಕಿದ ತಕ್ಷಣವೇ ಭದ್ರವಾಗಿರಬೇಕಾ?

ಪ್ರಶ್ನೆ: ಮೇಡಂ, ಈಗೀಗ ಹೊಸ ಡೇಟಾಬೇಸ್ ಹಾಕಿದರೆ ಶುರುವಿನಲ್ಲೇ ಪಾಸ್‌ವರ್ಡ್, ಸರ್ಟಿಫಿಕೇಟ್ ಅಂತ ತಲೆ ತಿನ್ನುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸುಮ್ನೆ ಟೆಸ್ಟ್ ಮಾಡುವುದಕ್ಕೂ ಇದೆಲ್ಲ ಬೇಕಾ? ಭದ್ರತೆ ಬೇಕಾದವರು ಆಮೇಲೆ ಆನ್ ಮಾಡಿಕೊಳ್ಳಲಿ, ಅಲ್ವಾ?

ಉತ್ತರ: ಆಮೇಲೆ ಮಾಡುತ್ತೇವೆ ಅಂದವರಲ್ಲಿ ನಿಜವಾಗಿ ಮಾಡುವವರು ಕಡಿಮೆ. ಟೆಸ್ಟ್‌ಗೆ ಅಂತ ಹಾಕಿದ್ದೇ ಎಷ್ಟೋ ಸಲ ಪ್ರೊಡಕ್ಷನ್ ಆಗಿಬಿಡುತ್ತದೆ.

ಮೊಂಗೋಡಿಬಿ ಅನ್ನುವ ಡೇಟಾಬೇಸನ್ನೇ ನೋಡಿ. ಹಳೆಯ ಆವೃತ್ತಿಗಳು ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ಮೇಲಾಗಿ ಎಲ್ಲಿಂದ ಕನೆಕ್ಷನ್ ಬಂದರೂ ಬಿಟ್ಟುಕೊಳ್ಳುತ್ತಿದ್ದವು. 2017ರ ಜನವರಿಯಲ್ಲಿ ಕಳ್ಳರು 27017 ಪೋರ್ಟ್ (ಮೊಂಗೋಡಿಬಿ ಕನೆಕ್ಷನ್ ತೆಗೆದುಕೊಳ್ಳುವ ಬಾಗಿಲು) ತೆರೆದಿರುವ ಸರ್ವರ್‌ಗಳನ್ನು ಹುಡುಕಿ ಹುಡುಕಿ ಸಾವಿರಾರು ಡೇಟಾಬೇಸ್ ಅಳಿಸಿದರು. ಬಿಟ್‌ಕಾಯಿನ್ ಕೊಡಿ ಅಂತ ಚೀಟಿಯನ್ನೂ ಬಿಟ್ಟುಹೋದರು. ಹ್ಯಾಕ್ ಮಾಡುವ ಶ್ರಮವೇ ಅವರಿಗಿರಲಿಲ್ಲ! ಬೇಜಾರೆಂದರೆ, 2014ರ ಮೊಂಗೋಡಿಬಿ 2.6 ಆವೃತ್ತಿಯ ಲಿನಕ್ಸ್ ಪ್ಯಾಕೇಜ್‌ಗಳಲ್ಲೇ ಹೊರಗಿನ ಕನೆಕ್ಷನ್ ಬಂದ್ ಆಗಿತ್ತು. ಹಳೆಯದನ್ನೇ ಓಡಿಸುತ್ತಿದ್ದವರಿಗೆ ಅದು ಉಪಯೋಗಕ್ಕೆ ಬರಲಿಲ್ಲ. ಡೀಫಾಲ್ಟ್, ಅಂದರೆ ನಾವು ಏನೂ ಮುಟ್ಟದಿದ್ದಾಗ ಇರುವ ಸೆಟ್ಟಿಂಗ್, ಮೊದಲ ದಿನದಿಂದಲೇ ಸರಿಯಿರಬೇಕು ಅನ್ನುವುದು ಇದಕ್ಕೇ.

ನಿಮ್ಮ ಸಿಟ್ಟೂ ಪೂರ್ತಿ ತಪ್ಪಲ್ಲ. ಬರೀ ನಿಮ್ಮ ಲ್ಯಾಪ್‌ಟಾಪ್‌ನೊಳಗೆ ಇರುವುದಕ್ಕೆ ಸರ್ಟಿಫಿಕೇಟ್ ಯಾಕೆ ಅಂದರೆ ನಾನೂ ಹೂಂ ಅನ್ನುತ್ತೇನೆ. ಆದರೆ ನೆಟ್‌ವರ್ಕ್‌ಗೆ ತೆರೆದುಕೊಳ್ಳುವ ವಿಷಯದಲ್ಲಿ ರಿಯಾಯಿತಿ ಬೇಡ. 2016ರಲ್ಲಿ ರೆಡಿಸ್ ಅನ್ನುವ ಡೇಟಾಬೇಸ್‌ನ 3.2 ಆವೃತ್ತಿ ಮಾಡಿದ್ದು ನನಗೆ ಇಷ್ಟ. ಪಾಸ್‌ವರ್ಡ್ ಇಡದೆ, ಯಾವ ಅಡ್ರೆಸ್‌ನಲ್ಲಿ ಕನೆಕ್ಷನ್ ತೆಗೆದುಕೊಳ್ಳಬೇಕು ಅಂತಲೂ ಹೇಳದೆ ಬಿಟ್ಟಿದ್ದರೆ, ಅದೇ ಮೆಷಿನ್‌ನಿಂದ ಬಂದವರಿಗೆ ಮಾತ್ರ ಕೆಲಸ ಮಾಡುತ್ತದೆ. ಹೊರಗಿನಿಂದ ಬಂದವರಿಗೆ ಎರರ್ ಕೊಡುತ್ತದೆ. ಏನು ಮಾಡಬೇಕು ಅನ್ನುವುದು ಆ ಎರರ್‌ನಲ್ಲೇ ಇರುತ್ತದೆ.

ಇನ್ನೊಬ್ಬರ ಪ್ರಶ್ನೆ: ನಾನು ಎಲ್ಲವನ್ನೂ ಡಾಕರ್‌ನಲ್ಲೇ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಸಾಧನ) ಓಡಿಸುತ್ತೇನೆ ಮೇಡಂ. ಉಬುಂಟು ಫೈರ್‌ವಾಲ್ ಆನ್ ಇದೆ. ಸಾಕಲ್ವಾ?

ಉತ್ತರ: ಸಾಕಾಗಲ್ಲ. ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಪೋರ್ಟ್ ಜಾಗದಲ್ಲಿ 5432:5432 (ಎಡಗಡೆ ನಿಮ್ಮ ಮೆಷಿನ್‌ನ ಪೋರ್ಟ್, ಬಲಗಡೆ ಕಂಟೇನರ್‌ನದು) ಅಂತ ಬರೆದರೆ ಡಾಕರ್ ಅದನ್ನು ಎಲ್ಲ ಕಡೆಗೂ ತೆರೆಯುತ್ತದೆ. ಐಪಿಟೇಬಲ್ಸ್ (ಲಿನಕ್ಸ್‌ನೊಳಗಿನ ನೆಟ್‌ವರ್ಕ್ ಕಾವಲು) ರೂಲ್‌ಗಳನ್ನು ತಾನೇ ಬರೆದುಕೊಳ್ಳುವುದರಿಂದ ನಿಮ್ಮ ಯುಎಫ್‌ಡಬ್ಲ್ಯೂ (ಉಬುಂಟು ಫೈರ್‌ವಾಲ್) ತಡೆ ಅದಕ್ಕೆ ಲೆಕ್ಕಕ್ಕಿಲ್ಲ. ಮೇಲೆ ಹೊಗಳಿದ ರೆಡಿಸ್ ಕೂಡ ಡಾಕರ್‌ನ ಅಧಿಕೃತ ಇಮೇಜ್‌ನಲ್ಲಿ (ಓಡಿಸಲು ಸಿದ್ಧವಾಗಿರುವ ಪ್ಯಾಕೇಜ್) ಆ ರಕ್ಷಣೆಯನ್ನು ಆಫ್ ಮಾಡಿಕೊಂಡೇ ಬರುತ್ತದೆ, ಬೇರೆ ಕಂಟೇನರ್‌ಗಳಿಗೆ ಸುಲಭವಾಗಲಿ ಅಂತ. ಪೋಸ್ಟ್‌ಗ್ರೆಸ್ ಇಮೇಜ್ ವಾಸಿ. ಹೊಸದಾಗಿ ಹಾಕುವಾಗ ಪಾಸ್‌ವರ್ಡ್ ಕೊಡದಿದ್ದರೆ ಶುರುವೇ ಆಗುವುದಿಲ್ಲ.

ಪೋರ್ಟ್ ಜಾಗದಲ್ಲಿ 127.0.0.1:5432:5432 ಅಂತ ಬರೆಯಿರಿ. 127.0.0.1 ಅಂದರೆ ಅದೇ ಮೆಷಿನ್. ಆಮೇಲೆ ಬೇರೆ ಮೆಷಿನ್‌ನಿಂದ ಕನೆಕ್ಟ್ ಮಾಡಿ ನೋಡಿ. ಆಗಬಾರದು.