ಸ್ಟ್ರೋಲರ್ ಬೇಕೋ ಬೇಡ್ವೋ: ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಮಧ್ಯಾಹ್ನ

ಸುಮಾ ಅತ್ತೆ: (ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ)
ತಾಯಂದಿರೇ ಎಚ್ಚರ!! ಸ್ಟ್ರೋಲರ್‌ನಲ್ಲಿ ಮಗು ಅಳುವುದೇಕೆ? ಜಪಾನ್ ವಿಜ್ಞಾನಿಗಳು ಕಂಡುಹಿಡಿದ ಸತ್ಯ!! ಎತ್ತಿಕೊಂಡು 5 ನಿಮಿಷ ನಡೆದರೆ 100% ನಿದ್ದೆ. ಸ್ಟ್ರೋಲರ್ ಚಕ್ರದ ಕಂಪನ ಮಗುವಿನ ಮೆದುಳಿಗೆ ಹಾನಿ. ಹೊರಗೆ ಹೋಗಲೇಬೇಕಾದರೆ ಗಾಡಿಗೆ ತೆಳು ಬಟ್ಟೆ ಹೊದಿಸಿ, ಕತ್ತಲಾದರೆ ಮಗು ಸುಮ್ಮನಾಗುತ್ತದೆ. ಕನಿಷ್ಠ 10 ಜನರಿಗೆ ಕಳಿಸಿ.

ಸುಮಾ ಅತ್ತೆ: ಮೇಘಾ, ಓದು ಇದನ್ನ. ಆ ಗಾಡಿ ಬೇಡ ಅಂತ ಅವತ್ತೇ ಬಡ್ಕೊಂಡೆ.

ಮೇಘಾ: ಓದ್ತೀನಿ ಅತ್ತೆ. ಪಾಪುಗೆ ಈಗ 5 ವಾರ. ಗಾಡೀಲಿ ಮಲಗಿಸೋವಾಗ್ಲೇ ಕಿರುಚ್ತಾನೆ. ಹೊರಟ್ಮೇಲೆ ಸ್ವಲ್ಪ ಹೊತ್ತು ಸುಮ್ಮನಿರ್ತಾನೆ, ನಿಂತ್ರೆ ಮತ್ತೆ ಶುರು.

ರಘು: ಮೂಲ ಎಲ್ಲಿ? ವಿಜ್ಞಾನಿ ಹೆಸರಿಲ್ಲ, ಇಸವಿ ಇಲ್ಲ, ಲಿಂಕ್ ಇಲ್ಲ.

ಸುಮಾ ಅತ್ತೆ: ನೀನು ನನ್ನ ಶುಭೋದಯಕ್ಕೂ ಮೂಲ ಕೇಳಿದವನು.

ರಘು: ಶುಭೋದಯಕ್ಕಲ್ಲ ಅತ್ತೆ, ಅದರ ಕೆಳಗೆ ‘ನಾಸಾ ದೃಢಪಡಿಸಿದೆ’ ಅಂತಿತ್ತಲ್ಲ, ಅದಕ್ಕೆ.

ದೊಡ್ಡಪ್ಪ: ಹಿರಿಯರು ಕಳಿಸಿದ್ದನ್ನು ಮೊದಲು ಗೌರವದಿಂದ ಓದುವುದನ್ನು ಕಲಿಯಿರಿ. ತಾಯಿಯ ಮನಸ್ಸಿನಲ್ಲಿ ಅವಸರವಿದ್ದರೆ ಮಗು ಅಳುತ್ತದೆ. ತಾಳ್ಮೆಗಿಂತ ದೊಡ್ಡ ಔಷಧವಿಲ್ಲ. 🙏

ಚಿತ್ರಾ: ಮೇಘಾ, ಮಿಕ್ಕಿದ್ದೆಲ್ಲ ಆಮೇಲೆ. ಗಾಡಿ ಮೇಲೆ ಬಟ್ಟೆ ಹೊದಿಸಿದ್ರೆ ಮೊದಲು ತೆಗಿ. ಹುಡ್‌ನಿಂದ (ಗಾಡಿ ಮೇಲಿನ ಮಡಚೋ ಛಾವಣಿ) ಕಾಲಿನ ತನಕ ಮುಚ್ಚಿದ್ರೆ ಒಳಗೆ ಗಾಳಿ ಆಡಲ್ಲ, ಶಾಖ ಅಲ್ಲೇ ನಿಲ್ಲುತ್ತೆ. ಹಸುಗೂಸಿಗೆ ನಮ್ಮ ಹಾಗೆ ಬೆವರಿ ಮೈ ತಂಪು ಮಾಡ್ಕೊಳ್ಳೋ ಶಕ್ತಿ ಇನ್ನೂ ಬಂದಿರಲ್ಲ. ಮಗುವಿನ ಮುಖವೂ ನಿನಗೆ ಕಾಣಲ್ಲ. ಅಳು ನಿಂತಿತು ಅಂತ ನೀನು ಸಮಾಧಾನ ಪಟ್ಕೊಳ್ತಿರ್ತೀಯ, ಅಲ್ಲಿ ಮಗು ಬಿಸಿಗೆ ಸೋತು ಮಂಕಾಗಿರಬಹುದು.

ಸುಮಾ ಅತ್ತೆ: ತೆಳು ಬಟ್ಟೆ ಅಂತ ಬರೆದಿದೆಯಲ್ಲಮ್ಮ.

ರಘು: ಅದನ್ನೇ ಸಿಡ್ನಿ ವಿಶ್ವವಿದ್ಯಾಲಯದವರು ಅಳೆದು 2023ರಲ್ಲಿ ಪ್ರಕಟಿಸಿದ್ದಾರೆ. ಒಣಗಿದ ತೆಳು ಮಸ್ಲಿನ್ ಬಟ್ಟೆ ಹೊದಿಸಿದ್ರೂ ಒಳಗೆ ಬಿಸಿ ಜಾಸ್ತಿ ಆಗಿದೆ.

ಚಿತ್ರಾ: ಸೆಖೆ ಆಗ್ತಿದೆಯಾ ಅಂತ ಕೈಕಾಲು ಮುಟ್ಟಿ ನೋಡಬೇಡ. ಈ ವಯಸ್ಸಲ್ಲಿ ಅವು ತಣ್ಣಗೇ ಇರ್ತವೆ. ಕತ್ತಿನ ಹಿಂದೆ ಎರಡು ಬೆರಳಿಟ್ಟು ನೋಡು. ಒದ್ದೆಯಾಗಿದ್ರೆ, ಸುಡ್ತಿದ್ರೆ ಒಂದು ಪದರ ತೆಗಿ.

ವಿನಯ: ಗಾಡಿ ಅಂದಾಗ ನೆನಪಾಯ್ತು, ನಮ್ಮೆಲ್ಲರ ಆ ನೀಲಿ ಗಾಡಿ ಯಾರಿಗೆ ನೆನಪಿದೆ? ಒಂದು ಚಕ್ರ ಕಿರ್ರ್ ಅಂತಿತ್ತು. ಹಳೇ ಆಲ್ಬಮ್‌ನಲ್ಲಿ ಫೋಟೋ ಇದೆ, ತಡೀರಿ, ಹಾಕ್ತೀನಿ.

ಸುಮಾ ಅತ್ತೆ: ನನ್ನ ಅರ್ಧ ಮುಖ ಕತ್ತರಿಸಿ ಹಾಕಿದ್ಯಲ್ಲ, ಆ ಫೋಟೋನಾ?

ವಿನಯ: ಅದು ನಾನಲ್ಲ ಅತ್ತೆ, ಫ್ರೇಮ್ ಹಾಕಿದವರು.

ರಘು: ಫಾರ್ವರ್ಡ್‌ನ ಮೂಲ ಸಿಕ್ತು. ಜಪಾನಿನ ರೈಕೆನ್ ಸಂಸ್ಥೆ, ಕುಮಿ ಕುರೋಡಾ ಅವರ ತಂಡ, ಕರೆಂಟ್ ಬಯಾಲಜಿ ಪತ್ರಿಕೆ, ಸೆಪ್ಟೆಂಬರ್ 2022. ನೋಡಿದ್ದು ಬರೀ 21 ಮಕ್ಕಳನ್ನ. 100% ನಿದ್ದೆ ಅಂತ ಎಲ್ಲೂ ಇಲ್ಲ. ಅಳ್ತಿದ್ದ ಮಕ್ಕಳನ್ನ 5 ನಿಮಿಷ ಎತ್ಕೊಂಡು ನಡೆದಾಗ ಅಳು ನಿಂತಿದೆ, ನಿದ್ದೆ ಹೋಗಿದ್ದು ಹೆಚ್ಚುಕಡಿಮೆ ಅರ್ಧ. ಇನ್ನೊಂದು ವಿಷಯ ಗಮನಿಸಿ: ಅಲುಗಾಡೋ ತೊಟ್ಟಿಲಲ್ಲಿ ಮಲಗಿಸಿದ್ರೂ ಮಕ್ಕಳು ಶಾಂತ ಆಗಿದ್ದಾರೆ. ಎತ್ಕೊಂಡು ಸುಮ್ಮನೆ ಕೂತಾಗ ಆಗಿಲ್ಲ. ಅಂದ್ರೆ ಆ ಫಾರ್ವರ್ಡ್ ಅಧ್ಯಯನವನ್ನೇ ಉಲ್ಟಾ ಹೇಳ್ತಿದೆ.

ಸುಮಾ ಅತ್ತೆ: ಜಪಾನ್ ಅಂತ ನಾನು ಕಳಿಸಿದ್ದು ನಿಜ ತಾನೆ?

ರಘು: ದೇಶ ನಿಜ ಅತ್ತೆ.

ಚಿತ್ರಾ: ಮೇಘಾ ಹೇಳಿದ್ದೂ ಅದೇ ಅಲ್ವಾ? ಚಲಿಸ್ತಿದ್ದಾಗ ಸುಮ್ಮನಿರ್ತಾನೆ, ನಿಂತ್ರೆ ಅಳ್ತಾನೆ. ಇಂಥ ಮಗುವಿಗೆ ಗಾಡಿ ಆಗಲ್ಲ ಅಂತಲ್ಲ. ಅವನಿಗೆ ಕಷ್ಟ ಆಗ್ತಿರೋದು ಮಲಗಿಸೋ ಕ್ಷಣ ಮತ್ತೆ ನಿಲ್ಲೋ ಕ್ಷಣ. ಎದೆಯಿಂದ ಮೈ ಬೇರೆಯಾಗೋ ಹೊತ್ತಿಗೇ ಮಗುವಿಗೆ ಎಚ್ಚರ ಆಗುತ್ತೆ, ಹಾಸಿಗೆ ತಗಲೋದು ಆಮೇಲೆ. ಅದಕ್ಕೇ 5 ನಿಮಿಷ ಎತ್ಕೊಂಡು ಒಂದೇ ಲಯದಲ್ಲಿ ನಡಿ, ಗಕ್ಕನೆ ತಿರುಗಬೇಡ. ನಿದ್ದೆ ಬಂದ ಮೇಲೆ 5ರಿಂದ 8 ನಿಮಿಷ ಎದೆಗೊರಗಿಸಿ ಕೂತ್ಕೊ, ಆಮೇಲೆ ಮಲಗಿಸು. ಮೊದಲು ಕಾಲು, ಆಮೇಲೆ ಅಂಡು, ಬೆನ್ನು, ಕೊನೆಗೆ ತಲೆ. ತಲೆ ಮೊದಲು ಹಿಂದಕ್ಕೆ ವಾಲಿದ್ರೆ ಬಿದ್ದಂತಾಗಿ ಎರಡೂ ಕೈ ಚಾಚಿ ಬೆಚ್ಚಿಬೀಳುತ್ತೆ. ಮಗುವಿನ ಎದೆ ಮೇಲೆ ನಿನ್ನ ಕೈ ಒಂದು ನಿಮಿಷ ಹಾಗೇ ಇರಲಿ, ಇನ್ನೊಂದು ಕೈಲಿ ಗಾಡಿ ಮೆಲ್ಲಗೆ ಹಿಂದೆ ಮುಂದೆ ಮಾಡು.

ದೊಡ್ಡಪ್ಪ: ಇಷ್ಟು ಎತ್ತಿಕೊಂಡರೆ ಅಭ್ಯಾಸ ಕೆಡುತ್ತದೆ. ಸ್ವಲ್ಪ ಅತ್ತರೆ ಶ್ವಾಸಕೋಶ ಗಟ್ಟಿಯಾಗುತ್ತದೆ.

ಚಿತ್ರಾ: ದೊಡ್ಡಪ್ಪ, ಅತ್ರೆ ಶ್ವಾಸಕೋಶ ಗಟ್ಟಿಯಾಗಲ್ಲ, ಎತ್ಕೊಂಡ್ರೆ ಈ ವಯಸ್ಸಿನ ಮಗು ಕೆಡೋದೂ ಇಲ್ಲ. ತಾಯಿ ಅವಸರವೂ ಕಾರಣ ಅಲ್ಲ. ಅಳು ಎರಡನೇ ವಾರದ ಆಸುಪಾಸಲ್ಲಿ ಏರೋಕೆ ಶುರುವಾಗಿ 6-8 ವಾರಕ್ಕೆ ತುದಿ ಮುಟ್ಟುತ್ತೆ, 3-4 ತಿಂಗಳಿಗೆ ಇಳಿಯುತ್ತೆ. ಸಂಜೆ ಹೊತ್ತು ಇನ್ನೂ ಜೋರು. ಬ್ರೇಜಲ್ಟನ್ ಅನ್ನೋ ವೈದ್ಯರು 1962ರಲ್ಲೇ ಇದನ್ನ ದಾಖಲಿಸಿದ್ದಾರೆ.

ದೊಡ್ಡಪ್ಪ: ಈ ಗ್ರೂಪ್ ಮಾಡಿದವನು ನಾನು ಎಂಬುದು ಕೆಲವರಿಗೆ ಮರೆತಂತಿದೆ.

ವಿನಯ: ಮಾಡಿದ್ದು ಕಿರಣ, ನಿಮ್ಮನ್ನ ಅಡ್ಮಿನ್ ಮಾಡಿದ್ದು ಆಮೇಲೆ 😄

(ಈ ಸಂದೇಶವನ್ನು ಅಳಿಸಲಾಗಿದೆ)

ಕಿರಣ: ನನ್ನ ಹೆಸರು ಎಳೀಬೇಡಿ. ಮೇಘಾ, ಮುಂದಿನ ಚಕ್ರ ಸುತ್ತಲೂ ತಿರುಗೋ ಥರದ್ದಾ?

ಮೇಘಾ: ಹೌದು. ರಸ್ತೇಲಿ ಗಡಗಡ ಅಂತ ನಡುಗುತ್ತೆ.

ಕಿರಣ: ಆ ಚಕ್ರದ ಮೇಲೆ ಒಂದು ಲಾಕ್ ಇರುತ್ತೆ. ನೆಲ ಒರಟಾಗಿದ್ರೆ ಲಾಕ್ ಹಾಕಿ ಚಕ್ರ ನೇರ ಇರಿಸು, ಅರ್ಧ ನಡುಕ ಅಲ್ಲೇ ನಿಲ್ಲುತ್ತೆ. ಲಾಕ್ ಹಾಕಿದ್ಮೇಲೆ ತಿರುಗಿಸೋಕೆ ಹ್ಯಾಂಡಲ್ ಒತ್ತಿ ಮುಂಭಾಗ ಸ್ವಲ್ಪ ಎತ್ತಬೇಕು. ಗಾಳಿ ಟೈರ್ ಆದ್ರೆ ಎಷ್ಟು ಒತ್ತಡ ಅಂತ ಟೈರ್ ಪಕ್ಕದಲ್ಲೇ ಬರೆದಿರುತ್ತೆ, ಅದನ್ನ ಮೀರಿ ಹೊಡೆಸಿದ್ರೆ ಚೆಂಡಿನ ಹಾಗೆ ಪುಟಿಯುತ್ತೆ. ಸ್ಪ್ರಿಂಗ್ ಇದೆ ಅಂತ ನಂಬ್ಕೋಬೇಡ. ಅದನ್ನ ಮಾಡಿರೋದು 15-20 ಕೆಜಿ ಮಗುವನ್ನೂ ತಡೀಲಿ ಅಂತ, 4 ಕೆಜಿ ಪಾಪುಗೆ ಅದು ಬಗ್ಗೋದೇ ಇಲ್ಲ. ಪ್ರತಿ ಜಲ್ಲಿಕಲ್ಲೂ ನೇರ ಬೆನ್ನಿಗೆ. ಫುಟ್‌ಪಾತ್ ಅಂಚು ಬಂದಾಗ ಗುದ್ದಬೇಡ, ಮುಂಚಕ್ರ ಎತ್ತಿ ಮೆಲ್ಲಗೆ ಇಳಿಸು.

ಸುಮಾ ಅತ್ತೆ: ನೋಡಿದ್ರಾ! ಕಂಪನ ಅಂತ ಬರೆದಿದ್ದು ನಿಜ ಆಯ್ತು.

ಚಿತ್ರಾ: ಕಿರಿಕಿರಿ ನಿಜ, ಮೆದುಳಿಗೆ ಹಾನಿ ಸುಳ್ಳು ಅತ್ತೆ. ನಡೆಯೋ ವೇಗದಲ್ಲಿ ತಳ್ಳಿದ್ರೆ ಏನೂ ಆಗಲ್ಲ. ಮಗುವನ್ನ ಹಿಡಿದು ಜೋರಾಗಿ ಅಲುಗಾಡಿಸೋದೇ ಪ್ರಾಣಕ್ಕೆ ಅಪಾಯ, ಅದನ್ನ ಎಷ್ಟೇ ಸಿಟ್ಟು ಬಂದ್ರೂ ಮಾಡಬಾರದು. ಗಾಡಿ ತಳ್ತಾ ಓಡೋದಕ್ಕೆ ಮಾತ್ರ ಕನಿಷ್ಠ 6 ತಿಂಗಳು ಆಗಲಿ.

ಕಿರಣ: ಸೀಟು ಪೂರ್ತಿ ಮಲಗುತ್ತಾ ಮೇಘಾ? ಕೆಲವು ‘6 ತಿಂಗಳ ಮೇಲೆ’ ಅಂತಾನೇ ಬರ್ತವೆ, ಒರಗುತ್ತವೆ ಅಷ್ಟೇ.

ಮೇಘಾ: ಪೂರ್ತಿ ಚಪ್ಪಟೆ ಆಗುತ್ತೆ. ಆದ್ರೆ ಲೋಕ ನೋಡ್ಲಿ ಅಂತ ಸ್ವಲ್ಪ ಎತ್ತರಿಸಿದ್ದೆ.

ಚಿತ್ರಾ: ಇಳಿಸಿಬಿಡು. ಕತ್ತು ನಿಲ್ಲೋ ತನಕ ಚಪ್ಪಟೆಯೇ ಇರಬೇಕು. ಎತ್ತರಿಸಿದ್ರೆ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗುತ್ತೆ, ಉಸಿರಿನ ದಾರಿ ಮಡಚಿಕೊಳ್ಳುತ್ತೆ. ಹೊಟ್ಟೆಯೂ ಒತ್ತಿ ಹಾಲು ಮೇಲೆ ಬರುತ್ತೆ. ಕುಡಿದ ಮೇಲೆ 20-30 ನಿಮಿಷ ನೆಟ್ಟಗೆ ಎತ್ಕೊಂಡು, ತೇಗಿಸಿ, ಆಮೇಲೇ ಮಲಗಿಸು. ಇನ್ನು ಲೋಕ: 20-30 ಸೆಂಟಿಮೀಟರ್ ಆಚೆಗೆ ಅವನಿಗೆ ಎಲ್ಲಾ ಮಸುಕು, ಹ್ಯಾಂಡಲ್ ಹಿಡಿದ ನಿನ್ನ ಮುಖವೂ ಕಾಣಲ್ಲ. ಕಾಣೋದು ಆಕಾಶದ ಬೆಳಕು, ಅದೂ ನೇರ ಕಣ್ಣಿಗೆ. ಹುಡ್ ಮುಂದಕ್ಕೆಳೆ, ದಾರಿ ತಿರುಗಿದಾಗ ಬಿಸಿಲು ಯಾವ ಕಡೆಯಿಂದ ಬೀಳ್ತಿದೆ ನೋಡು. ನಿಲ್ಲಬೇಕಾದಾಗ ಬ್ರೇಕ್ ಹಾಕಿ, ಬಗ್ಗಿ, ಹತ್ತಿರದಿಂದ ಮಾತಾಡು.

ರಘು: ಬಿಳಿ ಸದ್ದಿನ (ಒಂದೇ ಸಮ ‘ಶ್’ ಅನ್ನೋ ಸದ್ದು) ಆ್ಯಪ್ ಹಾಕಿ ಫೋನ್ ಒಳಗಿಡೋರೂ ಇದ್ದಾರೆ.

ಚಿತ್ರಾ: ಕಿವಿ ಪಕ್ಕ ಬೇಡವೇ ಬೇಡ. ನೀನೇ ‘ಶ್’ ಅಂದ್ರೆ ಸಾಕು. ಇಷ್ಟಾದ್ರೂ ಒಮ್ಮೆಲೇ ಕಿರುಚಿ, ಏನು ಮಾಡಿದ್ರೂ ನಿಲ್ಲಿಸದಿದ್ರೆ ಸಾಕ್ಸ್ ಬಿಚ್ಚಿ ಕಾಲ್ಬೆರಳು ನೋಡು. ನಿನ್ನ ತಲೆಕೂದಲು ಒಂದೆಳೆ ಬೆರಳಿಗೆ ಸುತ್ತಿಕೊಂಡು ಕೆಂಪಗೆ ಊದಿರಬಹುದು. ಬೆಲ್ಟಿನ ಬಕಲ್ ಡೈಪರ್ ಮೇಲೆ ಒತ್ತುತ್ತಾ, ಅದನ್ನೂ ನೋಡು. ಏನೂ ಸಿಗಲಿಲ್ಲ ಅಂದ್ರೆ ಎತ್ಕೊಂಡು ಮನೆಗೆ ಬಾ. ಅವತ್ತಿನ ವಾಕಿಂಗ್ ಅಷ್ಟೇ. ಜ್ವರ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ, ಹಸಿರು ವಾಂತಿ ಮಾಡಿದ್ರೆ, ಹಾಲು ಬಿಟ್ಟು ಮಂಕಾದ್ರೆ ಗ್ರೂಪಲ್ಲಿ ಕೇಳ್ತಾ ಕೂರಬೇಡ, ತಕ್ಷಣ ಆಸ್ಪತ್ರೆ.

ವಿನಯ: ಫೋಟೋ ಸಿಕ್ತು!! ಎಡಗಡೆ ಬಾಯಿ ತೆರೆದು ಅಳ್ತಿರೋದು ಯಾರು ಹೇಳಿ?

ದೊಡ್ಡಪ್ಪ: ರಘು.

ಸುಮಾ ಅತ್ತೆ: ಆಗಲೂ ಮೂಲ ಕೇಳ್ತಿದ್ದ ಅನ್ಸುತ್ತೆ.

ರಘು: ಅತ್ತೆ, ಆ 10 ಜನಕ್ಕೆ ಆಗ್ಲೇ ಕಳಿಸಿದ್ರಾ? ಬಟ್ಟೆ ಹೊದಿಸಬೇಡಿ ಅಂತಾದ್ರೂ ಅವರಿಗೆ ತಿಳಿಸಿ.

ಸುಮಾ ಅತ್ತೆ: ಚಿತ್ರಾ ಬರೆದಿದ್ದನ್ನ ಕಳಿಸ್ತೀನಿ. ನಿನ್ನದನ್ನಲ್ಲ.

ಮೇಘಾ: ಚಿತ್ರಕ್ಕ, ಕತ್ತಿನ ಹಿಂದೆ ಒದ್ದೆ ಇದೆ. ಟೋಪಿ, ಸ್ವೆಟರ್, ಮೇಲೊಂದು ಹೊದಿಕೆ ಇದೆ.

ಚಿತ್ರಾ: ಟೋಪಿ, ಹೊದಿಕೆ ಎರಡೂ ತೆಗಿ. 10 ನಿಮಿಷ ಬಿಟ್ಟು ಮತ್ತೆ ಮುಟ್ಟಿ ನೋಡು, ಇನ್ನೂ ಒದ್ದೆ ಇದ್ರೆ ಸ್ವೆಟರೂ ಬೇಡ.