ಪದಚರ್ಚೆ: ಚೈನ್ ವೀಲಿನ ಹಲ್ಲು ‘ಸವೆಯುವುದು’, ಗೇರ್ ‘ಇಳಿಸುವುದು’

ಗೆಳೆಯರೇ,

ಸಣ್ಣ ಕೆಲಸವೊಂದಕ್ಕೆ ಕೂತು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನಮ್ಮ ಆಫೀಸಿಗೆ ಸೈಕಲ್ಲಿನಲ್ಲಿ ಬರುವವರು ಎಂಟು ಹತ್ತು ಜನ ಇದ್ದೇವೆ. ಸೈಕಲ್ ನೋಡಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಪುಟ ಬರೆದುಕೊಡು, ಸ್ಟ್ಯಾಂಡಿನ ಗೋಡೆಗೆ ಅಂಟಿಸೋಣ ಅಂದರು. ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಎರಡು ವಾರ ಆಯಿತು.

ಮೊದಲ ಸಾಲಿನಲ್ಲೇ ತೊಡಕು. ಪೆಡಲ್ ಜೊತೆ ತಿರುಗುವ, ಮುಂದಿನ ಆ ಹಲ್ಲಿನ ಚಕ್ರಕ್ಕೆ ಏನೆನ್ನುವುದು? ‘ದಂತಚಕ್ರ’ ಅಂತ ಬರೆದೆ. ಓದಿದವನೊಬ್ಬ “ಏನ್ ಸಾರ್, ಹಲ್ಲಿನ ಡಾಕ್ಟರ್ ಬರ್ತಾರಾ?” ಅಂದ. ‘ಹಲ್ಲುಗಾಲಿ’ ಅಂತ ತಿದ್ದಿದೆ. ಕೇಳಲು ಚೆನ್ನಾಗೇ ಇದೆ. ಆದರೆ ಅಂಗಡಿಗೆ ಹೋಗಿ ಹಲ್ಲುಗಾಲಿ ಕೊಡಿ ಅಂದರೆ ಯಾರೂ ಕೊಡುವುದಿಲ್ಲ. ಮೈಸೂರಿನಲ್ಲಿ ನಾನು ಹೋದ ಅಂಗಡಿಗಳಲ್ಲೆಲ್ಲ ಮುಂದಿನದು ಚೈನ್ ವೀಲ್, ಹಿಂದಿನದು ಫ್ರೀ ವೀಲ್. ಅಜ್ಜನ ಕಾಲದಿಂದ ಹಾಗೇ ಇದೆ, ಇರಲಿ ಬಿಡಿ. ಹೆಸರಿನ ಜಗಳ ನನಗೆ ಬೇಡ. ನನ್ನ ಕಷ್ಟ ಇರುವುದು ಕ್ರಿಯಾಪದಗಳಲ್ಲಿ.

ಅದು ಶುರುವಾದದ್ದು ಹೀಗೆ. ನನ್ನದು ಹಳೇ ಮಾದರಿಯ ಕಪ್ಪು ಸೈಕಲ್. 28 ಇಂಚಿನ ಗಾಲಿ, ಮುಂದೆ 44 ಹಲ್ಲು, ಹಿಂದೆ 18. ದಿನಕ್ಕೆ ಹೋಗಿ ಬಂದು 14 ಕಿಲೋಮೀಟರ್. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಚೈನ್ ಜೋತುಬಿದ್ದು ಕವರಿಗೆ ಬಡಿಯುತ್ತಿತ್ತು. ಮನೆ ಹತ್ತಿರದ ಅಂಗಡಿಯವರು “ಚೈನ್ ಹಿಗ್ಗಿದೆ” ಅಂತ ಹೊಸದು ಹಾಕಿದರು. ಬೇರೆ ಏನನ್ನೂ ಮುಟ್ಟಿ ನೋಡಲಿಲ್ಲ. ಮಾರನೇ ಬೆಳಿಗ್ಗೆ ಏರಿನಲ್ಲಿ ಸೀಟು ಬಿಟ್ಟೆದ್ದು ತುಳಿದೆ. ಟಕ್ ಅಂತ ಚೈನ್ ಹಾರಿತು. ಪೆಡಲ್ ಧೊಪ್ಪನೆ ಕೆಳಗೆ ಹೋಯಿತು, ಮೊಣಕಾಲು ಹ್ಯಾಂಡಲ್‌ಗೆ ಬಡಿಯಿತು. ಹಿಂದೆ ಬರುತ್ತಿದ್ದ ಆಟೋದವನು ಬೈದ ಬೈಗುಳದಲ್ಲಿ ಪದಚರ್ಚೆಗೆ ಒದಗುವಂಥದ್ದು ಏನೂ ಇರಲಿಲ್ಲ.

ಆಮೇಲೆ ಇನ್ನೊಂದು ಕಡೆ ಹೋದೆ. ಅಲ್ಲಿದ್ದ ವಯಸ್ಸಾದ ಮೇಸ್ತ್ರಿ ಚೈನ್ ಕಳಚಿ ಪಕ್ಕಕ್ಕಿಟ್ಟು, ಬಟ್ಟೆಯಲ್ಲಿ ಚೈನ್ ವೀಲ್ ಒರೆಸಿದರು. ಹೆಬ್ಬೆರಳನ್ನು ಒಂದೊಂದೇ ಹಲ್ಲಿನ ಮೇಲೆ ಮೆಲ್ಲಗೆ ಆಡಿಸಿದರು. “ನೋಡಿ, ಗಿಣಿಮೂತಿ ಆಗ್ಬಿಟ್ಟಿದೆ” ಅಂದರು.

ನೋಡಿದೆ. ಹೊಸ ಚೈನ್ ವೀಲಿನ ಹಲ್ಲು ಎರಡೂ ಬದಿ ಒಂದೇ ಸಮ ಇರುತ್ತದೆ, ತುದಿ ಸ್ವಲ್ಪ ಮೊಂಡ. ನನ್ನದರ ಹಲ್ಲು ಒಂದೇ ಕಡೆ ಬಳುಕಿ, ತುದಿ ಚೂಪಾಗಿ ಮುಂದಕ್ಕೆ ಬಾಗಿತ್ತು. ಥೇಟ್ ಗಿಣಿಮೂತಿ ಮಾವಿನಕಾಯಿಯ ಮೂತಿ. ಇಂಗ್ಲಿಷಿನಲ್ಲಿ ಇದಕ್ಕೆ ಶಾರ್ಕಿನ ರೆಕ್ಕೆಯ ಹೋಲಿಕೆ ಕೊಡುತ್ತಾರೆ. ನನ್ನ ಮೊದಲ ಕರಡಿನಲ್ಲಿ ನಾನೂ ಪೆದ್ದನ ಹಾಗೆ ‘ಶಾರ್ಕ್ ರೆಕ್ಕೆಯಂತೆ’ ಅಂತಲೇ ಬರೆದಿದ್ದೆ. ಮೈಸೂರಿನಲ್ಲಿ ಶಾರ್ಕ್ ಕಂಡವರು ಎಷ್ಟು ಜನ? ಗಿಣಿಮೂತಿಗೆ ಉಪ್ಪು ಖಾರ ಹಾಕಿಕೊಂಡು ತಿನ್ನದವರು ಯಾರು? ಆ ಪದ ಅಲ್ಲೇ ಖಾಯಂ ಆಯಿತು.

ಈಗ ‘ಹಿಗ್ಗು’ ವಿಚಾರ. ರಬ್ಬರ್ ಹಿಗ್ಗುತ್ತದೆ, ಮಗ ಪಾಸಾದರೆ ಅಪ್ಪ ಹಿಗ್ಗುತ್ತಾನೆ. ಚೈನ್ ಹಿಗ್ಗುವುದಿಲ್ಲ. ಅದರ ಪಟ್ಟಿಗಳು ಇದ್ದಷ್ಟೇ ಉದ್ದ ಇರುತ್ತವೆ. ಕೊಂಡಿ ಕೊಂಡಿಯ ನಡುವಿನ ಪಿನ್ನು, ಅದು ಕೂರುವ ತೂತು ಸವೆದು ಸಡಿಲ ಆಗುತ್ತವೆ. ಒಂದೊಂದು ಪಿನ್ನಿನಲ್ಲಿ ಕೂದಲೆಳೆಯಷ್ಟು ಸಂದು, ಎಲ್ಲ ಸೇರಿ ಚೈನ್ ಉದ್ದ. ಅಳೆಯುವುದು ಸುಲಭ. ಒಂದು ಕೊಂಡಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಒಂದೂವರೆ ಮಿಲಿಮೀಟರ್ ಜಾಸ್ತಿ ಬಂದರೆ ಚೈನ್ ಬದಲಿಸುವ ಹೊತ್ತು. ಮೂರು ದಾಟಿದರೆ ಹಲ್ಲೂ ಕೆಟ್ಟಿರುತ್ತದೆ ಅಂತಲೇ ಇಟ್ಟುಕೊಳ್ಳಿ. ಕಬ್ಬಿಣದ ಟೇಪಿನಲ್ಲೇ ಅಳೆಯಿರಿ. ಟೈಲರ್ ಟೇಪ್ ಬೇಡ, ಅದು ನಿಜವಾಗಿಯೂ ಹಿಗ್ಗುತ್ತದೆ.

ಉದ್ದ ಆದ ಚೈನ್ ತನ್ನ ಅಳತೆಗೆ ತಕ್ಕ ಹಾಗೆ ಹಲ್ಲಿನ ಸಂದನ್ನೂ ಕೊರೆದುಕೊಳ್ಳುತ್ತದೆ. ಹಳೇ ಚೈನ್, ಹಳೇ ಹಲ್ಲು ಹೇಗೋ ಸಂಸಾರ ಮಾಡಿಕೊಂಡಿರುತ್ತವೆ. ನಡುವೆ ಹೊಸ ಚೈನ್ ತಂದರೆ ಅದು ಆ ಸಂದಿನಲ್ಲಿ ಕೂರುವುದಿಲ್ಲ. ನನಗೆ ಆದದ್ದು ಅದೇ. ಹಾಗಾಗಿ ಗೋಡೆಯ ಪುಟದಲ್ಲಿ ‘ಚೈನ್ ಹಿಗ್ಗಿದರೆ’ ಅಂತ ಬರೆಯಲು ಕೈ ಬರುತ್ತಿಲ್ಲ. ಹಿಗ್ಗಿದ್ದನ್ನು ಎರಡು ಕೊಂಡಿ ತೆಗೆದು ಮೋಟು ಮಾಡಿದರೆ ಸರಿಹೋಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಸವೆದದ್ದನ್ನು ಮೋಟು ಮಾಡಿದರೆ ಸವೆದದ್ದೇ ಮೋಟಾಗುತ್ತದೆ ಅಷ್ಟೆ.

ಹಾಗಾದರೆ ‘ಸವೆ’ ಸಾಕೇ? ಚಪ್ಪಲಿ ಸವೆಯುತ್ತದೆ, ನಾಣ್ಯ ಸವೆಯುತ್ತದೆ. ಸವೆದದ್ದಕ್ಕೆ ‘ಸವಕಲು’ ಅನ್ನುವ ಒಳ್ಳೆಯ ಪದವೂ ಇದೆ. ಆದರೆ ಸವಕಲು ಅಂದಾಗ ನನ್ನ ಕಣ್ಣಿಗೆ ಬರುವುದು ನುಣ್ಣಗಾದ, ಚಪ್ಪಟೆಯಾದ ವಸ್ತು. ಇಲ್ಲಿ ಹಲ್ಲು ಸವೆದಷ್ಟೂ ಚೂಪಾಗುತ್ತದೆ. ಕರಡು ಓದಿದ ಹುಡುಗಿಯೊಬ್ಬಳು “ನನ್ನದು ಚೂಪಾಗೇ ಇದೆ, ಸವೆದಿಲ್ಲ” ಅಂದಳು. ನೋಡಿದರೆ ಅವಳದ್ದು ನನ್ನದಕ್ಕಿಂತ ಗಿಣಿಮೂತಿ.

ಇನ್ನೊಂದು ‘ತೇಯು’. ಸಾಣೇಕಲ್ಲಿನ ಮೇಲೆ ಗಂಧ ತೇಯುತ್ತೇವೆ. ತೇಯುವುದಕ್ಕೆ ಎರಡು ವಸ್ತು ಬೇಕು, ನಡುವೆ ಒದ್ದೆ ಬೇಕು. ಎಣ್ಣೆ ಸುರಿದ ಚೈನಿಗೆ ರಸ್ತೆಯ ಧೂಳು ಹತ್ತಿ ಕಪ್ಪು ಗೊಜ್ಜು ಆಗುತ್ತದಲ್ಲ, ಅದು ಮಾಡುವುದು ಅಪ್ಪಟ ತೇಯುವ ಕೆಲಸ. ಎಣ್ಣೆ ಬಿಟ್ಟ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಅಂತ ಹೇಳುವುದು ಇದಕ್ಕೇ. ‘ಧೂಳು ಹಲ್ಲನ್ನು ತೇಯುತ್ತದೆ, ಹಲ್ಲು ಸವೆಯುತ್ತದೆ’ ಅಂತ ಬರೆದಿದ್ದೇನೆ. ಸರಿಯಾ?

ಮೂರನೆಯದು ನಮ್ಮ ಅಜ್ಜಿಯ ‘ಕಕ್ಕು’. ರುಬ್ಬುವ ಕಲ್ಲು ನುಣುಪಾದರೆ ಕಕ್ಕು ಹೋಗಿದೆ, ಹಾಕಿಸಬೇಕು ಅನ್ನುತ್ತಿದ್ದರು. ಕುಡುಗೋಲಿನ ಹಲ್ಲಿಗೂ ಅದೇ ಪದ. ಚೈನ್ ವೀಲಿಗೂ ಕಕ್ಕು ಅನ್ನೋಣ ಅಂತ ಆಸೆ. ಆದರೆ ಕಲ್ಲಿಗೆ ಹಾಕಿದ ಹಾಗೆ ಇದಕ್ಕೂ ಅರದಲ್ಲಿ ಉಜ್ಜಿ ಹೊಸ ಕಕ್ಕು ಹಾಕಿಸಬಹುದು ಅಂತ ಯಾರಾದರೂ ಹೊರಟರೆ ಕಷ್ಟ. ಸವೆದ ಹಲ್ಲಿಗೆ ಮದ್ದಿಲ್ಲ, ಬದಲಿಸಬೇಕು. ಈ ಪದವನ್ನು ಬಿಡಲು ನನಗೆ ಸಂಕಟ ಆಗುತ್ತಿದೆ, ನಿಮ್ಮ ಅಭಿಪ್ರಾಯ ಬೇಕು.

‘ಎಳೆ’ ಬಗ್ಗೆಯೂ ಒಂದು ಮಾತು. ಚೈನ್ ಗಾಲಿಯನ್ನು ಎಳೆಯುತ್ತದೆ ಅನ್ನುತ್ತೇವೆ, ತಪ್ಪಲ್ಲ. ಆದರೆ ಹಲ್ಲಿನ ಮಟ್ಟದಲ್ಲಿ ನೋಡಿದರೆ ನಡೆಯುವುದೆಲ್ಲ ತಳ್ಳಾಟ. ಮುಂದೆ ಹಲ್ಲು ಚೈನನ್ನು ತಳ್ಳುತ್ತದೆ, ಹಿಂದೆ ಚೈನ್ ಹಲ್ಲನ್ನು ತಳ್ಳುತ್ತದೆ. ಅದಕ್ಕೇ ಚೈನ್ ವೀಲಿನಲ್ಲಿ ಹಲ್ಲಿನ ಮುಂಬದಿ ಸವೆಯುತ್ತದೆ, ಫ್ರೀ ವೀಲಿನಲ್ಲಿ ಹಿಂಬದಿ. ಚೈನ್ ವೀಲಿನಲ್ಲೂ ಸುತ್ತ ಒಂದೇ ಸಮ ಸವೆಯುವುದಿಲ್ಲ. ಕಾಲಿನ ಬಲ ಜಾಸ್ತಿ ಬೀಳುವ ಎದುರುಬದುರು ಎರಡು ಜಾಗದಲ್ಲಿ ಮೊದಲು.

ಕೊನೆಯ ತೊಡಕು ಗೇರಿನದ್ದು. ಸಹೋದ್ಯೋಗಿಯೊಬ್ಬ ಗೇರ್ ಸೈಕಲ್ ಕೊಂಡ. ಮುಂದೆ 48, 38, 28 ಹಲ್ಲಿನ ಮೂರು, ಹಿಂದೆ 14ರಿಂದ 28ರ ತನಕ ಏಳು. ಏರಿನಲ್ಲಿ ಅವನ ಪಕ್ಕ ಹೋಗುತ್ತಾ “ಗೇರ್ ಇಳಿಸೋ” ಅಂದೆ. ಅವನು ಹಿಂದೆ ಚೈನನ್ನು ದೊಡ್ಡ ಚಕ್ರದಿಂದ ಚಿಕ್ಕದಕ್ಕೆ ಇಳಿಸಿದ. ಇನ್ನೂ ಬಿಗಿಯಾಗಿ ಅಲ್ಲೇ ನಿಂತ. ತಪ್ಪು ಅವನದಲ್ಲ. ಮುಂದೆ ಇಳಿಸಿದರೆ ಹಗುರ, ಹಿಂದೆ ಏರಿಸಿದರೆ ಹಗುರ. ‘ಇಳಿಸು’ ನಮಗೆ ಬಸ್ ಡ್ರೈವರ್‌ಗಳಿಂದ ಬಂದ ಮಾತು. ಬಸ್ಸಿನಲ್ಲಿ ಚೈನ್ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಗೊಂದಲವೂ ಇಲ್ಲ. ನಾನು ‘ಗೇರ್ ಹಗುರ ಮಾಡಿ, ಬಿಗಿ ಮಾಡಿ’ ಅಂತ ಬರೆದಿದ್ದೇನೆ. ಬಿಗಿ ಅಂದರೆ ಕೇಬಲ್ ಬಿಗಿ ಮಾಡುವುದು ಅಂತ ಯಾರಾದರೂ ತಿಳಿದಾರಾ?

ಪೆಡಲ್ ನಿಮಿಷಕ್ಕೆ ಎಷ್ಟು ಸಲ ತಿರುಗುತ್ತದೆ ಅನ್ನುವುದಕ್ಕೆ ‘ತುಳಿತ’ ಅಂತ ಬರೆದು ಅಳಿಸಿದೆ. ತುಳಿತಕ್ಕೆ ಒಳಗಾದವರು ಅನ್ನುವ ಮಾತು ಆ ಪದವನ್ನು ಪೂರ್ತಿ ತನ್ನದು ಮಾಡಿಕೊಂಡಿದೆ. ‘ಸುತ್ತು’ ಸಾಕು. ಲೆಕ್ಕವೂ ಸಲೀಸು. ನನ್ನ ಸೈಕಲ್ಲಿನಲ್ಲಿ 44ಕ್ಕೆ 18 ಇದ್ದಾಗ ಪೆಡಲ್ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಮುಂದೆ ಹೋಗುತ್ತಿದ್ದೆ. ನಿಮಿಷಕ್ಕೆ 60 ಸುತ್ತು ಅಂದರೆ ಗಂಟೆಗೆ 19 ಕಿಲೋಮೀಟರ್ ಚಿಲ್ಲರೆ. ಈಗ ಹಿಂದೆ 20 ಹಲ್ಲಿನ ಫ್ರೀ ವೀಲ್ ಹಾಕಿಸಿದ್ದೇನೆ. ಅದೇ 60 ಸುತ್ತಿಗೆ 17 ಚಿಲ್ಲರೆ. ಆಫೀಸಿಗೆ ಎರಡು ಮೂರು ನಿಮಿಷ ತಡ, ಆದರೆ ಏರಿನಲ್ಲಿ ಎದ್ದು ನಿಲ್ಲುವ ಕೆಲಸ ಇಲ್ಲ. ಗೇರ್ ಇರುವವರಿಗೂ ನಾನು ಹೇಳುವುದು ಇಷ್ಟೇ: ಊರೊಳಗೆ ಮುಂದೆ 38ರಲ್ಲಿ ಇಟ್ಟುಕೊಂಡು ಹಿಂದೆ ನಡುವಿನವುಗಳಲ್ಲಿ ಓಡಾಡಿ. 48ಕ್ಕೆ 14 ಹಾಕಿಕೊಂಡು ಸಿಗ್ನಲ್ಲಿನಿಂದ ತಿಣುಕುತ್ತಾ ಹೊರಡುವವರನ್ನು ದಿನಾ ನೋಡುತ್ತೇನೆ. ಹದಿನಾಲ್ಕೇ ಹಲ್ಲು ಅಷ್ಟೂ ಬಲ ಹೊರಬೇಕು. ಬೇಗ ಗಿಣಿಮೂತಿ ಆಗುವುದು ಅದೇ.

ಇನ್ನು ನಿಮ್ಮ ಸರದಿ. ಚೈನ್ ಪೂರ್ತಿ ಕಳಚಿಕೊಂಡರೆ ನಮ್ಮಲ್ಲಿ ‘ಬಿತ್ತು’, ಹಲ್ಲು ಬಿಟ್ಟು ಹಲ್ಲಿಗೆ ಜಾರಿದರೆ ‘ಹಾರಿತು’. ಈ ವ್ಯತ್ಯಾಸ ನಿಮ್ಮ ಕಡೆ ಇದೆಯಾ? ಧಾರವಾಡದ ಕಡೆಯವರು ಉದ್ದ ಆದ ಚೈನಿಗೆ ಏನು ಹೇಳುತ್ತೀರಿ? ಗಿಣಿಮೂತಿಯನ್ನು ಮಾವಿಗಲ್ಲದೆ ಬೇರೆ ಉಪಕರಣಕ್ಕೆ ಹೇಳುವುದನ್ನು ಯಾರಾದರೂ ಕೇಳಿದ್ದೀರಾ, ಅಥವಾ ಅದು ನಮ್ಮ ಮೇಸ್ತ್ರಿಯ ಸ್ವಂತ ಆಸ್ತಿಯೋ? ಸೋಮವಾರದೊಳಗೆ ಹೇಳಿದರೆ ಪ್ರಿಂಟಿಗೆ ಕೊಡುವ ಮೊದಲು ತಿದ್ದುತ್ತೇನೆ.